ಕತ್ತಿನ ಪಟ್ಟಿ

ಇವಳೇ,

ಈ ವಯಸ್ಸಿನಲ್ಲಿ ನಾನು ನೀರಿನಾಳಕ್ಕೆ ಇಳಿಯುವ ಡೈವಿಂಗ್ ಕಲಿಯುತ್ತಿದ್ದೇನೆ, ನಗಬೇಡ. ನೀನು ಹೋದಮೇಲೆ ಮನೆಯ ಗೋಡೆಗಳು ಮೈಮೇಲೆ ಬಂದಂತಾಗಿ ಹೋಗಿ ಸೇರಿಕೊಂಡೆ. ತಣ್ಣೀರಿಗೆ ಇಳಿಯಲು ಡ್ರೈ ಸೂಟ್ ಅಂತ ಒಂದು ಉಡುಪು. ಒಳಗೆ ಒಂದು ಹನಿಯೂ ಬರುವುದಿಲ್ಲ. ಆಳಕ್ಕೆ ಇಳಿದಷ್ಟೂ ನೀರಿನ ಒತ್ತಡ ಹೆಚ್ಚಂತೆ; ಪ್ರೆಷರ್ ಈಸ್ ಡೈರೆಕ್ಟ್ಲಿ ಪ್ರೊಪೋರ್ಷನಲ್ ಟು... ಮುಂದಿನದನ್ನು ಕಾಲೇಜಿನಲ್ಲೇ ಬಿಟ್ಟುಬಂದಿದ್ದೇನೆ. ಇರಲಿ. ಅದರ ಜಿಪ್ ಬೆನ್ನ ಮೇಲಿದೆ. ಹಾಕುವುದಕ್ಕೂ ತೆಗೆಯುವುದಕ್ಕೂ ಇನ್ನೊಬ್ಬರೇ ಬೇಕು.

ಇವತ್ತು ಈಜುಕೊಳದ ಪಕ್ಕದ ಕೋಣೆಯಲ್ಲಿ, ಕಲಿಸುವ ಹುಡುಗಿ ನನ್ನ ಜಿಪ್ ಎಳೆದು ಉಳಿದವರನ್ನು ನೋಡಲು ಹೋದಳು. ಕತ್ತಿನ ರಬ್ಬರ್ ಪಟ್ಟಿ ಗಂಟಲು ಹಿಸುಕುತ್ತಿತ್ತು. ಬೆನ್ನಿಗೆ ಕೈ ಎಟುಕಲಿಲ್ಲ. ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡಾಗ ಅವಳೇ ಓಡಿಬಂದು, ಪಟ್ಟಿಯೊಳಗೆ ಬೆರಳು ತೂರಿಸಿ ಅಗಲಿಸಿದಳು.

"ಕೂಗೋದಲ್ವಾ ಅಂಕಲ್? ಬಾಯಿಗೂ ಜಿಪ್ ಹಾಕಿದ್ನಾ ನಾನು?"

"ಗ್ಯಾಸ್ ಇರಬೇಕು ಅಂದ್ಕೊಂಡೆ ಕಣಮ್ಮ."

ನೀನು ಹೋದ ಆ ಬೆಳಿಗ್ಗೆ, ಎದೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಾಗ, ಪೇಪರಿನಿಂದ ತಲೆ ಎತ್ತದೆ ನಾನು ಅಂದದ್ದೂ ಅದನ್ನೇ.

ಅವಳು ಸೂಟ್ ಬಿಚ್ಚಿಸಿ, ಕತ್ತರಿ ತಂದು ಪಟ್ಟಿಯ ಅಂಚನ್ನು ಬೆರಳಗಲ ಕತ್ತರಿಸಿ, ಮತ್ತೆ ತೊಡಿಸಿದಳು.

"ಈಗ ಹೇಗಿದೆ?"

"ಪರವಾಗಿಲ್ಲ."

"ಪರವಾಗಿಲ್ಲ ಅನ್ಬೇಡಿ. ಹೇಗಿದೆ, ಸರಿಯಾಗಿ ಹೇಳಿ," ಎಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

ಹಾಗೆ ಕೇಳುವುದಕ್ಕೆ ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ, ಇವಳೇ.