ಪುಣಾ ಪ್ರೋಗ್ರಾಮ್ ರದ್ದಾಗಿರಲಿಲ್ಲ

ಗೋಕಾಕ ಫಾಲ್ಸ್
೧೧ ಸೆಪ್ಟೆಂಬರ್ ೨೦೨೪

ಗೆಳೆಯಾ ಸಾಗರ,

ಶರಣು. ನೀ ಆರಾಮ ಅದಿ ಅಂತ ತಿಳಕೊಂಡೇನಿ. ಒಂದೂವರಿ ವರ್ಷದ ಮ್ಯಾಲ ಬರಿಯಾಕತ್ತೇನಿ. ಸಿಟ್ಟ ಮಾಡ್ಕೊ, ಆದ್ರ ಓದದ ಹರದ ಒಗಿಬ್ಯಾಡ. ಫೋನ್ ಹಚ್ಚಾಕ ಧೈರ್ಯ ಆಗಲಿಲ್ಲ. ನಿನ್ನ ದನಿ ಕೇಳಿದ್ರ ಮತ್ತೊಂದು ಸುಳ್ಳ ಹೇಳತಿದ್ನೋ ಏನೋ.

ಮೊನ್ನೆ ಕಲ್ಲೋಳಿಗೆ ಹೋಗಿದ್ದೆ. ಮಯೂರಿ ಈಗ ಅಲ್ಲೇ ಸಾಲ್ಯಾಗ ಹಾಡು ಕಲಸ್ತಾಳ. ತಪ್ಪಾತು ಅಂದೆ. "ನನಗ್ಯಾಕ ಹೇಳ್ತಿ? ಯಾರಿಗೆ ಹೇಳಬೇಕೋ ಅವಗ ಬರಿ," ಅಂದ್ಲು. ಚಾ ಕೊಟ್ಲು, ಮುಖ ನೋಡಲಿಲ್ಲ.

ನಾವು ಮೂವರೂ ನಮ್ಮ ನಮ್ಮ ಕಡೆ ಹೆಸರಾದವರ ಇದ್ವಿ. ಗೋಕಾಕದಾಗ ನನ್ನ ಗಿಟಾರು, ಮೂಡಲಗಿ ಕಡೆ ಮಯೂರಿ ದನಿ, ಹುಕ್ಕೇರಿ ಕಡೆ ಘೋಡಗೇರಿ ಸಾಗರ ಅಂದ್ರ ನಿನ್ನ ಡ್ರಮ್ಸು. ಮೂರೂ ಮಂದಿ ನಮ್ಮ ನಮ್ಮ ಬ್ಯಾಂಡ್ ಬಿಟ್ಟು ಒಂದಾಗಿ, ಕನ್ನಡದಾಗ ಹಾರ್ಡ್ ರಾಕ್ ಮಾಡ್ತೇವಿ ಅಂತ 'ಕರಿಕಲ್ಲು' ಕಟ್ಟಿದಾಗ ಹಳೇ ಜೋಡಿದಾರರು ಎಷ್ಟ ಬೈದ್ರು! ಮೂಡಲಗಿಯ ಖಾಲಿ ಗೋದಾಮಿನಾಗ ನೀ ಮ್ಯಾಲಿನ ತಗಡು ಅದರೂವಂಗ ಬಾರಿಸ್ತಿದ್ದಿ. ಮಯೂರಿಯ ಆಯಿ ಯಮನವ್ವ ಒಂದಿನ ಕಿವ್ಯಾಗ ಬೊಟ್ಟ ಇಟಗೊಂಡು ಕಡೀತನಕ ಕುಂತಿದ್ಲು. "ಕಿವಿ ಹೋದ್ರ ಹೋಗ್ಲಿ, ಎದಿ ಕುಣ್ಯಾಕತ್ತೇತ್ರೋ," ಅಂದಿದ್ಲು. ಧಾರವಾಡ, ಕೊಲ್ಲಾಪುರ, ಹೋದಲ್ಲೆಲ್ಲಾ ಮಂದಿ ನಮ್ಮ ಜೋಡಿ ಹಾಡಿದ್ರು.

ಆಮ್ಯಾಲ ಪುಣಾದವರು ಕರದ್ರು. ನಿನಗ "ಪ್ರೋಗ್ರಾಮ್ ರದ್ದಾಗೇತಿ" ಅಂದೆ. ಮಯೂರಿಗೆ "ಸಾಗರಗ ಜ್ವರ" ಅಂದೆ. ಬೆಳಗಾವಿಯ ಒಬ್ಬ ಡ್ರಮ್ಮರನ್ನ ಕರಕೊಂಡ ಹೋದೆ. ಕಡೀ ಹಾಡಿಗೆ ಮುಂಚೆ ಆಕಿ ಮೈಕಿನ್ಯಾಗ, "ನಮ್ಮ ಸಾಗರ ಜ್ವರ ಬಂದು ಊರಾಗ ಮಲಗ್ಯಾನ, ಈ ಹಾಡು ಅವಗ," ಅಂದ್ಲು. ನಿನಗ ಯಾರೋ ಲಿಂಕ್ ಕಳಿಸಿದ್ರಂತ, ನೀನು ಊರಾಗ ಕುಂತು ಮೊಬೈಲಿನ್ಯಾಗ ಲೈವ್ ನೋಡಾಕತ್ತಿದ್ದಿ. ಹಾಡಿನ ಸಾಲು ನೋಡಾಕ ಆಕಿ ಮುಂದ ಇಟಗೊಂಡಿದ್ದ ಫೋನಿಗೆ ನಿನ್ನ ಮೆಸೇಜ್ ಬಂತು: 'ನನಗ ಜ್ವರ ಇಲ್ಲ.' ಓದಿದ್ಲು. ನನ್ನ ಕಡೆ ನೋಡಿದ್ಲು. ಮೈಕ್ ಕೆಳಗಿಟ್ಟು ನಡದ್ಲು. ಹಾಡೋರಿಲ್ಲದ ಹಾಡನ್ನ ನಾ ಇನ್ನೂ ಬಾರಿಸ್ತಾನ ಇದ್ದೆ.

ಮುಂದ ಹೊಸಬರನ್ನ ಕೂಡಿಸಿಕೊಂಡು ಹುಕ್ಕೇರ್ಯಾಗ ಸ್ಟೇಜ್ ಹತ್ತಿದೆ. "ಸಾಗರ ಎಲ್ಲಿ?" ಅಂತ ಮಂದಿ ಒದರಿದ್ರು. ಗಿಟಾರು ಬಿಚ್ಚಿ ಇಳದ ಬಂದೆ. ಅಲ್ಲಿಗೆ ಕರಿಕಲ್ಲು ಮುಗೀತು. ಈಗ ಒಂದು ಬೈಕ್ ಶೋರೂಮಿನ್ಯಾಗ ಅದೇನಿ. ಯಾರರ ಗುರ್ತ ಹಿಡದ್ರ ಹೊರಳಿ ನಿಂದರತೇನಿ.

ಎಲ್ಲಾರ ಮುಂದೂ "ಬೆಳಗಾವಿಯವನ ಕೈ ಸಾಗರನಕಿಂತ ಚಲೋ ಇತ್ತು, ಅದಕ್ಕ ಬದಲ ಮಾಡಿದೆ," ಅಂತ ಹೇಳಕೊಂತ ಬಂದೆ. ಅದೂ ಸುಳ್ಳ.

ನೀ ಹೊಸ ಬ್ಯಾಂಡ್ ಕಟ್ಟಾಕತ್ತೀ ಅಂತ ಮಯೂರಿ ಹೇಳಿದ್ಲು. ನಿನ್ನ ಕೈಗೆ ಒಳ್ಳೇದಾಗ್ಲಿ, ದೊಡ್ಡ ದೊಡ್ಡ ಊರಾಗ ಬಾರಿಸು. ನಿಮ್ಮವ್ವ ಗುಡ್ಡವ್ವಗ ನನ್ನ ಶರಣು ಹೇಳು, ಹೇಳಬೇಕು ಅನಿಸಿದ್ರ ಅಷ್ಟ.

ನಿನ್ನ
ದುಂಡೇಶ

ತಾ.ಕ.: ಖರೆ ಕಾರಣ ಮ್ಯಾಲ ಬರಿಯಾಕ ಕೈ ಬರಲಿಲ್ಲ. ನಿನ್ನ ಡ್ರಮ್ ಮ್ಯಾಲ ನೀ ಹಚ್ಚಿದ್ದ ಬಾಬಾಸಾಹೇಬರ ಫೋಟೋ ನೋಡಿ, ಪುಣಾ ಪ್ರೋಗ್ರಾಮ್ ಇಟ್ಟವರು ಫೋನ್ ಮಾಡಿ, "ಅದನ್ನ ತಗಸ್ರಿ, ನಮ್ಮ ಮಂದಿಗೆ ಸೇರೂದಿಲ್ಲ," ಅಂದಿದ್ರು. ನಾ "ಆತ್ರಿ" ಅಂದೆ. ನೀ ತಗಿಯೂದಿಲ್ಲ ಅಂತ ಗೊತ್ತಿತ್ತು. ಅವರಿಗೆ ಒಲ್ಲೆ ಅನ್ನೂದಕಿಂತ ನಿನ್ನ ತಗಿಯೂದು ನನಗ ಸಲೀಸ ಅನಿಸ್ತು.