ನನ್ನ ಮಗಳ ‘ಬೇಡ’ದ ಬಗ್ಗೆ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ನನ್ನ ಆರು ವರ್ಷದ ಮಗಳ ಜೊತೆ ನೆಲದ ಮೇಲೆ ಕೂತು ಆಟವಾಡಿದ ತಪ್ಪಿಗೆ ತಮ್ಮ ಮಕ್ಕಳ ತರಬೇತಿ ಕೇಂದ್ರದ ಸ್ವಪ್ನ ಮೇಡಂ ಅವರನ್ನು ಕೆಲಸದಿಂದ ಬಿಡಿಸಿದ್ದೀರಿ. ಆದೇಶದ ಪ್ರತಿಯನ್ನು ಪೋಷಕರ ಗಮನಕ್ಕೆಂದು ಬಾಗಿಲಿಗೆ ಅಂಟಿಸಿದ್ದೀರಿ. ಗಮನಿಸಿದೆ. ನಾನು ಕೊಂಡ್ಲಹಳ್ಳಿಯವನು, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವನು. ‘ಕರ್ತವ್ಯಲೋಪ’, ‘ಉದ್ಧಟತನ’ ಮುಂತಾದ ಪದಗಳು ನಮ್ಮ ಅಂಗಡಿಯಲ್ಲಿ ಬಳಕೆಯಲ್ಲಿಲ್ಲ. ತಮ್ಮ ಆದೇಶವನ್ನು ನಾಲ್ಕು ಸಲ ಓದಿ ಕಲಿತಿದ್ದೇನೆ. ಇದನ್ನು ಮೊದಲು ಅರ್ಜಿಯಾಗಿ ತಂದಿದ್ದೆ; ತೆಗೆದುಕೊಳ್ಳಬೇಕಾದವರು ಎರಡು ಸಲವೂ ಊಟಕ್ಕೆ ಹೋಗಿದ್ದರು. ಆದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗಿರಲಾರರು.

ಮಗಳ ಹೆಸರು ತೇಜಶ್ರೀ. ಆಟಿಸಂ ಇದೆ ಎಂದು ದೊಡ್ಡ ಆಸ್ಪತ್ರೆಯಲ್ಲಿ ಬರೆದುಕೊಟ್ಟಾಗ ಅವಳಿಗೆ ನಾಲ್ಕು ವರ್ಷ. ಮಾತಾಡುವುದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಓಡುತ್ತಾಳೆ. ಖುಷಿಯಾದರೆ ಎರಡೂ ಕೈಗಳನ್ನು ಹಕ್ಕಿ ರೆಕ್ಕೆಯಂತೆ ಬಡಿಯುತ್ತಾಳೆ. ಹುಣಸೆ ಬೀಜಗಳನ್ನು ಒಂದೊಂದಾಗಿ ಸ್ಟೀಲ್ ಲೋಟಕ್ಕೆ ಹಾಕಿ, ಪ್ರತಿ ಸಲವೂ ತಲೆ ವಾಲಿಸಿ ಆ ಸದ್ದು ಕೇಳುತ್ತಾಳೆ. ಇದರಲ್ಲಿ ಯಾವುದು ಯಾರಿಗೆ ತೊಂದರೆ ಎಂದು ನಮ್ಮವ್ವ ಯರ್ರಮ್ಮ ಆಗಲೇ ಕೇಳಿದ್ದಳು. ಓದಿಲ್ಲದವಳ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮ ಕೇಂದ್ರಕ್ಕೆ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕರೆತರುತ್ತಿದ್ದೆ. ಮೊದಲು ಸಿಕ್ಕವರು ಹನುಮಂತರಾಜು ಸರ್. ಕೆಟ್ಟವರಲ್ಲ, ಕಲಿಸಿದ್ದನ್ನು ಮಾಡುವವರು. ಅಲ್ಲೊಂದು ಬೆಲ್ಟ್ ಇರುವ ಕುರ್ಚಿ. ಮಗುವನ್ನು ಅದರಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ‘ನನ್ನ ನೋಡು’ ಎನ್ನುವುದು. ನೋಡಿದರೆ ಒಂದು ಪೆಪ್ಪರ್‌ಮಿಂಟ್. ನೋಡದಿದ್ದರೆ ಗಲ್ಲ ಹಿಡಿದು ಮುಖ ತಿರುಗಿಸಿ ಮತ್ತೆ ‘ನನ್ನ ನೋಡು’. ಕೈ ಬಡಿದರೆ ಎರಡೂ ಕೈಗಳನ್ನು ತೊಡೆಗೆ ಅದುಮಿ ಹಿಡಿಯುವುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಮನುಷ್ಯನ ಮುಖ್ಯ ಲಕ್ಷಣವೆಂದು ನನಗೆ ವಿವರಿಸಲಾಯಿತು. ಇರಬಹುದು. ಆದರೆ ನಾನು ಅರ್ಜಿ ಹಿಡಿದು ನಿಂತಾಗ ತಮ್ಮ ಕಚೇರಿಯಲ್ಲಿ ಒಬ್ಬರೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲವಲ್ಲ, ಅವರಿಗೆಲ್ಲ ಯಾವ ಕುರ್ಚಿ ತರಿಸಿದ್ದೀರಿ?

ಮನೆಯಲ್ಲೂ ದಿನಕ್ಕೆರಡು ತಾಸು ಹೀಗೆಯೇ ಮಾಡಿಸಬೇಕೆಂದು ಹೇಳಿದ್ದರು. ನಾನು ವಿಧೇಯ ನಾಗರಿಕ, ಮಾಡಿದೆ. ಅವಳ ಕೈಗಳನ್ನು ಅದುಮಿ ಹಿಡಿದವನು ನಾನೇ. ಅವಳು ಅತ್ತಳು, ನನ್ನ ತೋಳು ಕಚ್ಚಿದಳು, ಬಿಡಲಿಲ್ಲ. ನನ್ನ ಹೆಂಡತಿ ನಿರ್ಮಲಾ ನೋಡಲಾರದೆ ಹಿತ್ತಲಿಗೆ ಹೋಗುತ್ತಿದ್ದಳು. ಒಂದು ದಿನ ನಮ್ಮವ್ವ ಬಂದು ಎದುರಿಗೆ ನಿಂತಳು.

“ಬಿಡೋ ಕೈನ. ಕುರಿಮರಿಗೆ ಔಷಧಿ ಕುಡಿಸಾಗ್ಲೂ ಹಿಂಗೆ ಅದುಮಲ್ಲ ಕಣೋ.”

“ನಿಂಗೆ ಗೊತ್ತಾಗಲ್ಲ ಸುಮ್ನಿರವ್ವ. ಆಫೀಸಿನೋರು ಹೇಳ್ಯಾರೆ.”

“ಆಫೀಸಿನೋರ ಮಗಳಲ್ಲ ಕಣೋ ಇದು. ನಿನ್ನ ಮಗಳು.”

ನಾಲ್ಕು ತಿಂಗಳಾದ ಮೇಲೆ ಕೇಂದ್ರದ ರಿಜಿಸ್ಟರಿನಲ್ಲಿ ‘ಮೂರು ಸೆಕೆಂಡ್ ದೃಷ್ಟಿ ಸಂಪರ್ಕ, ಪ್ರಗತಿ ತೃಪ್ತಿಕರ’ ಎಂದು ಬರೆದರು. ಅದೇ ವಾರ ನಾನು ಅಂಗಡಿಯಿಂದ ಮನೆಗೆ ಬಂದೆ. ತೇಜಶ್ರೀ ಪಡಸಾಲೆಯಲ್ಲಿ ನಿಂತು ಕೈ ಬಡಿಯುತ್ತಿದ್ದಳು, ಏನೋ ಖುಷಿ. ನನ್ನನ್ನು ಕಂಡವಳೇ ಕುಸಿದು ಕೂತು, ಎರಡೂ ಕೈಗಳನ್ನು ತಾನೇ ತೊಡೆಯ ಕೆಳಗೆ ತುರುಕಿಕೊಂಡಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ನನ್ನ ಮುಖ ಕಂಡರೆ ಮಗಳು ತನ್ನ ಖುಷಿಯನ್ನು ಬಚ್ಚಿಡುತ್ತಾಳೆ. ತಮ್ಮ ರಿಜಿಸ್ಟರಿನಲ್ಲಿ ಇದನ್ನು ಬರೆಯುವ ಕಾಲಂ ಇಲ್ಲ, ಹುಡುಕಿ ನೋಡಿದ್ದೇನೆ.

ಅಷ್ಟರಲ್ಲಿ ಹನುಮಂತರಾಜು ಸರ್‌ಗೆ ಬೇರೆ ಕಡೆ ವರ್ಗವಾಗಿ, ಗುತ್ತಿಗೆ ಮೇಲೆ ಸ್ವಪ್ನ ಮೇಡಂ ಬಂದರು. ಮೊದಲ ದಿನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರು. ತೇಜಶ್ರೀಯಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ತಾವೂ ಒಂದು ಲೋಟ, ಒಂದು ಹಿಡಿ ಹುಣಸೆ ಬೀಜ ತಂದು, ಅವಳು ಒಂದು ಹಾಕಿದರೆ ಇವರೂ ಒಂದು ಹಾಕತೊಡಗಿದರು. ನನಗೆ ರೇಗಿತು.

“ಮೇಡಂ, ಅಂಗಡಿ ಬಾಗ್ಲು ಹಾಕ್ಕೊಂಡು ಬರ್ತೀನ್ರಿ ನಾನು. ಬೀಜ ಆಡ್ಸಕ್ಕೆ ಇಲ್ಲಿಗಂಟ ಬರಬೇಕೇನ್ರಿ?”

“ನಿಮ್ಮ ಹತ್ರ ಮೋಟರ್ ತಂದ ತಕ್ಷಣ ಬಿಚ್ಚಿಬಿಡ್ತೀರಾ, ಓಬಳೇಶ್?”

“ಇಲ್ರಿ. ಮೊದ್ಲು ಓಡ್ಸಿ ಸದ್ದು ಕೇಳ್ತೀನಿ.”

“ನಾನೂ ಅದನ್ನೇ ಮಾಡ್ತಿರೋದು. ಒಂದೇ ವ್ಯತ್ಯಾಸ, ಇವಳು ಕೆಟ್ಟಿಲ್ಲ. ರಿಪೇರಿಗೆ ಬಂದಿಲ್ಲ ಇವಳು.”

ನಾನು ವಾಪಸ್ ಹೋಗಿ ಬೆಂಚಿನ ಮೇಲೆ ಕೂತೆ.

ಹನ್ನೊಂದನೆಯ ದಿನ ಮೇಡಂ ತಮ್ಮ ಸರದಿಯ ಬೀಜವನ್ನು ಹಾಕದೆ ಕೈಯಲ್ಲೇ ಹಿಡಿದು ಕಾದರು. ತೇಜಶ್ರೀ ಕಾದಳು. ಆಮೇಲೆ ಜರುಗಿ ಜರುಗಿ ಹತ್ತಿರ ಬಂದು, ಮೇಡಂ ಅವರ ಮಣಿಕಟ್ಟು ಹಿಡಿದು ಲೋಟದ ಮೇಲಕ್ಕೆ ತಂದಳು. ಹುಟ್ಟಿದಾಗಿನಿಂದ ಅವಳು ಹೊರಗಿನವರೊಬ್ಬರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೀಜ ಬಿತ್ತು. ಅವಳು ಕೈ ಬಡಿದಳು. ಮೇಡಂ ಹಿಡಿಯಲಿಲ್ಲ, ತಾವೂ ಬಡಿದರು. ಬೆಂಚಿನ ಮೇಲಿದ್ದ ನಾನು ಮುಖ ಒರೆಸಿಕೊಂಡೆ. ಧೂಳು ಎಂದು ದಾಖಲಿಸಿಕೊಳ್ಳಬಹುದು.

ಅದಾದ ಮೇಲೆ ಮೇಡಂ ಕಲಿಸಿದ್ದು ‘ಅಮ್ಮ’ ಅಲ್ಲ, ‘ಅಪ್ಪ’ ಅಲ್ಲ, ‘ಬೇಡ’. ಅಂಗೈಯನ್ನು ಮುಂದೆ ಚಾಚಿದರೆ ಬೇಡವೆಂದರ್ಥ. ಅವಳು ಅಂಗೈ ತೋರಿಸಿದ ಕೂಡಲೇ ಮೇಡಂ ಮಾಡುತ್ತಿದ್ದುದನ್ನು ನಿಲ್ಲಿಸುತ್ತಿದ್ದರು. ಆರು ವರ್ಷದ ಮಗುವಿನ ಆಕ್ಷೇಪಣೆಗೆ ಒಂದೇ ಸೆಕೆಂಡಿನಲ್ಲಿ ಕ್ರಮ ಕೈಗೊಳ್ಳುವ ಇನ್ನೊಂದು ಕಚೇರಿಯನ್ನು ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. “ಹಿಂಗೆ ಬೇಡ ಅನ್ನಕ್ಕೆ ಬಿಟ್ರೆ ಹಟ ಕಲಿಯಲ್ವೇನ್ರಿ?” ಎಂದು ಕೇಳಿದ್ದೆ. “ಬೇಡ ಅಂದ್ರೆ ಕೇಳ್ತಾರೆ ಅಂತ ಗೊತ್ತಾದ್ರೆ ಕಚ್ಚೋ ಅಗತ್ಯ ಬರಲ್ಲ” ಎಂದರು. ಮಾತು ಬರುತ್ತದೆಯೇ ಎಂದು ನಿರ್ಮಲಾ ಕೇಳಿದಾಗ, ಬರಬಹುದು, ಬಾರದೆಯೂ ಇರಬಹುದು, ಹೇಳಿಕೊಳ್ಳಲು ಬೇರೆ ದಾರಿಗಳಿವೆ ಎಂದರು. ಸುಳ್ಳು ಭರವಸೆ ಕೊಡದ ಮೊದಲ ಸರ್ಕಾರಿ ಕೆಲಸಗಾರ್ತಿ ಅವರು. ಎರಡು ತಿಂಗಳಲ್ಲಿ ತೇಜಶ್ರೀ ಕಚ್ಚುವುದನ್ನು ಬಿಟ್ಟಳು. ನೀರಿನ ಚಿತ್ರ ತೋರಿಸಿ ನೀರು ಕೇಳಿದಳು.

ಆಮೇಲೆ ತಾವು ತಪಾಸಣೆಗೆ ಬಂದಿರಿ. ಹೊರಗೆ ಜನರೇಟರ್ ಹಾಕಿದ್ದರಿಂದ ಆ ಸದ್ದಿಗೆ ಹೆದರಿ ತೇಜಶ್ರೀ ಮೇಜಿನ ಕೆಳಗೆ ಸೇರಿದ್ದಳು. ಮೇಡಂ ಕೂಡ ಬೋರಲು ಮಲಗಿ ಅವಳ ಪಕ್ಕದಲ್ಲಿದ್ದರು. ತಮಗೆ ಮೊದಲು ಕಂಡದ್ದು ಒಬ್ಬ ಸಿಬ್ಬಂದಿಯ ಪಾದಗಳು. ಬೇಸರವಾಗಿರಬೇಕು, ಒಪ್ಪುತ್ತೇನೆ. ಜನರೇಟರ್ ನಿಂತ ಮೇಲೆ ಮಗು ಹೊರಗೆ ಬಂತು. ತಾವು ಬಗ್ಗಿ, ಗಲ್ಲ ಹಿಡಿದು, “ನಿನ್ನ ಹೆಸರೇನು ಪುಟ್ಟಿ? ನನ್ನ ನೋಡು” ಎಂದಿರಿ. ಅವಳು ಅಂಗೈ ಚಾಚಿದಳು. ತಾವು ನಕ್ಕು, “ನಮಸ್ಕಾರ ಮಾಡ್ತಿದ್ದಾಳೆ” ಎಂದಿರಿ, ಗಲ್ಲ ಬಿಡಲಿಲ್ಲ. ಅವಳು ಎರಡನೆಯ ಅಂಗೈಯನ್ನೂ ಚಾಚಿದಳು.

“ಸರ್, ಅವಳು ಬೇಡ ಅಂತಿದ್ದಾಳೆ” ಎಂದರು ಮೇಡಂ. “ಕೈ ತೆಗೀರಿ.”

ಬಾಗಿಲ ಬಳಿ ನಿಂತ ನಾನು ಕೇಳಿದ ಒಟ್ಟು ಮಾತು ಇಷ್ಟೇ. ದನಿ ಎತ್ತರಿಸಲಿಲ್ಲ. ಎಂಟು ದಿನಕ್ಕೆ ಆದೇಶ ಬಂತು. ಕುರ್ಚಿಯನ್ನು ಬಳಸದಿರುವುದು ಕರ್ತವ್ಯಲೋಪ. ರಿಜಿಸ್ಟರಿನಲ್ಲಿ ಸೆಕೆಂಡುಗಳನ್ನು ಬರೆಯುವ ಬದಲು ‘ಇಂದು ಜೊತೆಯಲ್ಲಿ ಕೂತೆವು’ ಎಂದು ಬರೆದದ್ದು ಅಶಿಸ್ತು. ಮೇಲಧಿಕಾರಿಗಳ ಜೊತೆ ಉದ್ಧಟತನ. ನನ್ನದೊಂದು ವಿನಮ್ರ ಪ್ರಶ್ನೆ. ನನ್ನ ಮಗಳಿಗೆ ಮಾತು ಬರುತ್ತಿದ್ದು, ಅವಳು ‘ಬಿಡಿ ಸಾರ್’ ಎಂದಿದ್ದರೆ ಬಿಡುತ್ತಿದ್ದಿರಲ್ಲವೇ? ಹಾಗಾದರೆ ಮಾತು ಬಾರದವರ ‘ಬೇಡ’ಕ್ಕೆ ಬೆಲೆಯಿಲ್ಲವೆಂಬ ಸುತ್ತೋಲೆ ಯಾವುದು? ಅದರ ಸಂಖ್ಯೆ, ದಿನಾಂಕ ತಿಳಿಸಬೇಕು.

ಕಳೆದ ಸೋಮವಾರ ಮತ್ತೆ ಹೇಳಿಕಳಿಸಿದಿರಿ. ಬಂದೆವು. ಕುರ್ಚಿ ಗೋಡೆಯಿಂದ ಈ ಕಡೆ ತಿರುಗಿತ್ತು. ಮೇಡಂ ಜಾಗಕ್ಕೆ ಬಂದ ಹೊಸಬರು ಬೆಲ್ಟ್ ಬಿಚ್ಚಿ ಸಿದ್ಧ ಮಾಡಿಕೊಂಡು, “ಕೈ ಹಿಡ್ಕೊಳ್ರಿ ಸ್ವಲ್ಪ” ಎಂದರು. ತೇಜಶ್ರೀ ಅವರತ್ತ ನೋಡಲಿಲ್ಲ. ನನ್ನ ಕಡೆ ತಿರುಗಿ ಅಂಗೈ ಚಾಚಿದಳು. ಹಿಡಿಯುವವನು ಯಾರೆಂದು ಅವಳಿಗೆ ಗೊತ್ತಿತ್ತು.

“ಬೇಡ ಅಂತಾಳ್ರಿ” ಎಂದೆ.

“ಮಕ್ಳು ಮೊದ್ಲು ಹಂಗೇ ಮಾಡ್ತಾವೆ. ಹಿಡೀರಿ.”

“ಬೇಡ ಅಂದಾಳೆ. ನಾವು ಬರ್ತೀವ್ರಿ.”

ನಾವು ಎದ್ದು ಬಂದೆವು. ಬರುವಾಗ, ರಿಜಿಸ್ಟರಿನ ಆ ದಿನದ ಕಾಲಂನಲ್ಲಿ ‘ಪೋಷಕರ ಅಸಹಕಾರ’ ಎಂದು ಬರೆದಿದ್ದನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದೆ. ನಾಲ್ಕು ತಿಂಗಳು ಸಹಕರಿಸಿದವನು ನಾನು. ಅದಕ್ಕೆ ಹೋಲಿಸಿದರೆ ಇದು ಪ್ರಗತಿ, ತೃಪ್ತಿಕರ.

ಈಗ ಬೇಡಿಕೆ. ಸ್ವಪ್ನ ಮೇಡಂ ಮೇಲಿನ ಆದೇಶವನ್ನು ವಾಪಸ್ ಪಡೆದು ಅವರನ್ನು ಮತ್ತೆ ಕರೆಯಬೇಕು. ದೊಡ್ಡಉಳ್ಳಾರ್ತಿಯ ರೇಣುಕಮ್ಮ ಎಂಬ ತಾಯಿ ಸೇರಿದಂತೆ ಏಳು ಮನೆಯವರು ಇದಕ್ಕೆ ಸಹಿ ಹಾಕಿದ್ದಾರೆ. ಅವರ ಮಕ್ಕಳೂ ಆ ಕುರ್ಚಿಯಲ್ಲಿ ಕೂತವರೇ. ಆ ಬೆಲ್ಟನ್ನು ಕತ್ತರಿಸಬೇಕು. ತಮಗೆ ಬಿಡುವಿದ್ದರೆ ಒಂದು ದಿನ ಬಂದು ನೆಲದ ಮೇಲೆ ಅರ್ಧ ತಾಸು ಕೂರಬೇಕು, ಪ್ರಶ್ನೆ ಕೇಳದೆ. ಚಾಪೆ ನಾನು ತರುತ್ತೇನೆ.

ಮಗಳ ಗಲ್ಲ ಹಿಡಿದದ್ದಕ್ಕೆ ತಾವು ಅವಳ ಕ್ಷಮೆ ಕೇಳಬೇಕೆಂದೂ ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿದೆ. ತಾವು ಹಿಡಿದದ್ದು ಅರ್ಧ ನಿಮಿಷ, ನಾನು ಹಿಡಿದದ್ದು ನಾಲ್ಕು ತಿಂಗಳು. ಸೇವಾ ಹಿರಿತನದಲ್ಲಿ ನಾನೇ ಮೊದಲು. ಆದ್ದರಿಂದ ನಿನ್ನೆ ಮಧ್ಯಾಹ್ನ, ಅವಳು ಹೊಸಿಲ ಮೇಲೆ ಕೂತಿದ್ದಾಗ, ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು ಕೂತು, “ತಪ್ಪಾತು ಕಣವ್ವ” ಎಂದೆ. ಅವಳು ಅಂಗೈ ಚಾಚಲಿಲ್ಲ. ಎದ್ದು ಹೋಗಲೂ ಇಲ್ಲ. ಇಷ್ಟು ದಿನದೊಳಗೆ ಉತ್ತರಿಸತಕ್ಕದ್ದು ಎಂದು ನಾನು ಅವಳಿಗೆ ಗಡುವು ಹಾಕಿಲ್ಲ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಅಸಹಕಾರಿ,
ಓಬಳೇಶ, ಕೊಂಡ್ಲಹಳ್ಳಿ
(ತೇಜಶ್ರೀಯ ತಂದೆ, ಕೆಲಸ ಇನ್ನೂ ಕಲಿಯುತ್ತಿದ್ದಾನೆ)