ನೀನು ಕಲಿತ ಮರಾಠಿ

ಆಯಿ,

ನಿನ್ನೆ ಸಂಭಾಜಿನಗರದಲ್ಲಿ ನೀನು ತೀರಿಹೋದ ಮೇಲಿನ ಶಿವಗಣಾರಾಧನೆ ಮುಗಿಯಿತು. ನಾವು ನಾಶಿಕಕ್ಕೆ ಹೊರಡುವಾಗ, ನೀನಿದ್ದ ಕಾಕಾನ ಮನೆಯ ಪಕ್ಕದ ಸುಮನತಾಯಿ ನನ್ನ ಕೈ ಹಿಡಿದು ಮರಾಠಿಯಲ್ಲಿ ಕೇಳಿದರು: "ಅಜ್ಜಿ ನಿಮ್ಮ ಮಗಳ ಜೊತೆ ಮಾತಾಡಿದರಾ? ದಿನಾ ಮಧ್ಯಾಹ್ನ ಬಂದು ನನ್ನ ಹತ್ತಿರ ಮರಾಠಿ ಕಲಿಯುತ್ತಿದ್ದರು. ಕೂಸಿಗೆ ಕನ್ನಡ ಬರೋದಿಲ್ಲ, ಅದರ ಮಾತು ನಾನೇ ಕಲಿಯುತ್ತೇನೆ ಅನ್ನುತ್ತಿದ್ದರು."

ನಾನು ಹೂಂ ಎಂದೆ.

ದೀಪಾವಳಿಯ ದಿನ ವೀಡಿಯೊ ಕಾಲಿನಲ್ಲಿ ನೀನು ನಿನ್ನ ಮರಿಮೊಮ್ಮಗಳು ಅನ್ವಿಗೆ "ಬಾಳಾ, ಜೇವಲೀಸ್ ಕಾ?" ಎಂದು ಊಟ ವಿಚಾರಿಸಿದ್ದೆ. ಮರಾಠಿಗೆ ನೀನು ಹಚ್ಚಿದ ಬೀದರದ ರಾಗ ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. "ಆಯಿ, ಇದೆಲ್ಲಾ ನಿನಗ ಯಾಕ ಬೇಕ? ಸುಮ್ನ ಕೂಡು" ಎಂದವಳು ನಾನೇ. ನೀನೂ ನಕ್ಕೆ. ಅಂದಿನಿಂದ ಫೋನಿನಲ್ಲಿ ಬರೀ ಕೈ ಬೀಸುತ್ತಿದ್ದೆ. ವಯಸ್ಸಾಯಿತಲ್ಲ, ಮಾತು ಕಡಿಮೆಯಾಗಿದೆ ಎಂದುಕೊಂಡಿದ್ದೆ.

ಬಸ್ಸು ಯೇವಲಾ ದಾಟಿದ ಮೇಲೆ, ಕಿಟಕಿಯ ಪಕ್ಕ ಕೂತಿದ್ದ ಅನ್ವಿ ನನ್ನ ಕಡೆ ತಿರುಗಿ ತನ್ನ ಮುತ್ತಜ್ಜಿಯಾದ ನಿನ್ನ ಬಗ್ಗೆ ಕೇಳಿದಳು.

"ಮಮ್ಮಿ, ಪಣಜಿ ಆಜಿ ನನ್ನ ಜೊತೆ ಯಾಕೆ ಮಾತಾಡುತ್ತಿರಲಿಲ್ಲ?"

ಅವಳಿಗೀಗ ಎಂಟು ವರ್ಷ. ನಿಜ ಹೇಳಿದ್ದರೆ ಅರ್ಥವಾಗುತ್ತಿತ್ತು. ಆದರೂ ನಾನು, "ಆಜಿಗೆ ಕಿವಿ ಕೇಳಿಸುತ್ತಿರಲಿಲ್ಲ" ಎಂದುಬಿಟ್ಟೆ. ಪಿಸುಮಾತೂ ಕೇಳಿಸಿಕೊಳ್ಳುತ್ತಿದ್ದವಳು ನೀನು.

ಅನ್ವಿ ನಂಬಿದಳು, ಆಯಿ. ನನ್ನ ತೋಳಿಗೆ ಒರಗಿಕೊಂಡಳು.

"ಹಾಗಾದರೆ ತಪ್ಪು ನನ್ನದೇ ಮಮ್ಮಿ," ಎಂದಳು. "ನಾನೇ ಜೋರಾಗಿ ಮಾತಾಡಬೇಕಿತ್ತು."